ತಾಳಗುಂದ ಕ್ರಾಸಿನಲ್ಲಿ ನೆನಪಾದದ್ದು

ಹೋದ ತಿಂಗಳು ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿ ಪಕ್ಕದ ಸೀಟು, ಮಧ್ಯಾಹ್ನದ ಬಿಸಿಲು, ತೊಡೆಯ ಮೇಲೆ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು. ಮನಸ್ಸಿನಲ್ಲಿ ವಿಶೇಷವಾಗಿ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಎಡಗಾಲು ತಾನಾಗಿಯೇ ಸೀಟಿನ ಕೆಳಗೆ ಸರಿದುಕೊಂಡಿತು. ಯಾಕೆಂದು ತಿಳಿಯದೆ ಹೊರಗೆ ನೋಡಿದೆ. ರಸ್ತೆಯ ಒಂದು ಬದಿಗೆ ಉದ್ದಕ್ಕೂ ಗೋವಿನಜೋಳ ಹರವಿದ್ದರು. ಕಾದ ಡಾಂಬರಿನ ಮೇಲೆ ಕಾಳು ಒಣಗುವ ಆ ಹಿಟ್ಟುಹಿಟ್ಟಾದ ವಾಸನೆ ಬಸ್ಸಿನೊಳಗೆ ನುಗ್ಗಿತ್ತು. ಬಸ್ಸು ತಾಳಗುಂದದ ಕಡೆ ತಿರುಗುವ ಕ್ರಾಸ್ ದಾಟುತ್ತಿತ್ತು. ನನಗೆ ಗೊತ್ತಾಗುವ ಮೊದಲೇ ನನ್ನ ಮೈಗೆ ಗೊತ್ತಾಗಿತ್ತು.

ಆ ಕ್ರಾಸಿನಲ್ಲಿ ಅಪಘಾತವಾಗಿ ಆರು ವರ್ಷ ಕಳೆದಿವೆ. ಆಗ ನನಗೆ ಇಪ್ಪತ್ತಾರು. ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಆನವಟ್ಟಿಯ ನಮ್ಮ ಮನೆಯಲ್ಲಿ ಮೂರೇ ಜನ: ಅವ್ವ, ಅಣ್ಣ ಮಂಜುನಾಥ, ನಾನು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅಣ್ಣ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದ. ಗುರುತು ಹಾಕಿಕೊಳ್ಳದೆ ಕತ್ತರಿ ಓಡಿಸಬಲ್ಲವನು ಎಂದು ಸುತ್ತಲ ಹಳ್ಳಿಗಳಲ್ಲಿ ಅವನಿಗೆ ಹೆಸರಿತ್ತು. ದೀಪಾವಳಿ ಮುಗಿದ ವಾರ ಲೈನಿಂಗ್ ಬಟ್ಟೆ, ಗುಂಡಿ ತರಲು ಅವನು ಶಿಕಾರಿಪುರಕ್ಕೆ ಹೊರಟ. ನನಗೂ ಒಂದು ಪುಸ್ತಕ ಬೇಕಿತ್ತು. ಅವನ ಬೈಕಿನ ಹಿಂದೆ ಕೂತೆ.

ಅಲ್ಲಿಂದ ಮುಂದೆ ನನಗೆ ಉಳಿದದ್ದು ಇಷ್ಟು: ಶಿರಾಳಕೊಪ್ಪದಲ್ಲಿ ಅವನು ಪೆಟ್ರೋಲ್ ಹಾಕಿಸಿದ್ದು, ಅಲ್ಲಿ ನಾನು ಒಂದು ಚಾಕೊಲೇಟ್ ಬಿಚ್ಚಿ ಅರ್ಧ ಅವನಿಗೆ ಕೊಟ್ಟದ್ದು. ಆಮೇಲೆ ನೇರ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇರಲಿಲ್ಲ.

ನನ್ನ ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ತಲೆಗೆ ಏನೂ ಆಗಿರಲಿಲ್ಲ. ಕುತ್ತಿಗೆಯ ಸುತ್ತ ಒಂದು ಕೆಂಪು ಗೆರೆ ಎದ್ದಿತ್ತು. ಬಿದ್ದಾಗ ತರಚಿರಬೇಕು ಎಂದರು. ಅಣ್ಣನ ತಲೆಗೇ ಪೆಟ್ಟು ಬಿದ್ದಿತ್ತು. ಅವನನ್ನು ಶಿವಮೊಗ್ಗಕ್ಕೆ ಸಾಗಿಸಿದರು. ಅಲ್ಲಿ ಬಹಳ ದಿನ ಕಣ್ಣು ಬಿಡಲಿಲ್ಲ. ಕೊನೆಗೆ ಬದುಕಿ ಬಂದ, ಆದರೆ ಬಲಗೈಯಲ್ಲಿ ಹಿಡಿತ ಉಳಿದಿರಲಿಲ್ಲ. ಆ ಇಡೀ ದಿನ ಅವನ ತಲೆಯಿಂದ ಅಳಿಸಿಹೋಗಿತ್ತು. ಬೆಳಿಗ್ಗೆ ಏನು ತಿಂಡಿ ತಿಂದೆ ಎನ್ನುವುದು ಕೂಡ. ಅದು ಇನ್ನು ಬರಲಾರದು ಎಂದು ಡಾಕ್ಟರು ಅವ್ವನಿಗೆ ಹೇಳಿದರು. ನನ್ನ ವಿಷಯ ಬೇರೆ ಎಂದರು. "ಹುಡುಗಿ ಹೆದರ್ಕೊಂಡಿದಾಳೆ. ಇವಳಿಗೆ ಬಂದ್ರೂ ಬರಬಹುದು. ಒತ್ತಾಯ ಮಾಡಬೇಡಿ."

ಒತ್ತಾಯ ಮಾಡದೆ ಹೇಗಿರುತ್ತಾರೆ? ಏನಾಯಿತು ಎಂದು ಹೇಳಬಲ್ಲವಳು ನಾನೊಬ್ಬಳೇ.

ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿ ನನ್ನನ್ನು ಮಲಗಿಸಿದರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಕಿಟಕಿಯ ಸರಳಿನಾಚೆ ಪಕ್ಕದ ಮನೆಯ ಗೋಡೆ, ಅದರ ಮೇಲೆ ಸುಣ್ಣ ಉದುರಿ ಬೋಳಾದ ಒಂದು ಜಾಗ. ಆರು ವಾರ ಅದನ್ನೇ ನೋಡಿದೆ. ಮಗ್ಗುಲು ತಿರುಗಲೂ ಅವ್ವನನ್ನು ಕರೆಯಬೇಕು. ಬಂದವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಎದ್ದು ಹೋಗೋಣವೆಂದರೆ ನನಗೆ ಕಾಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಏನಾತು ಹೇಳು, ಸವಿತಾ. ಸ್ವಲ್ಪ ನೆನಪು ಮಾಡ್ಕೋ." ನಾನು ಕಣ್ಣು ಮುಚ್ಚಿ ಪ್ರಯತ್ನಿಸುತ್ತಿದ್ದೆ. ಚಾಕೊಲೇಟಿನ ಕಾಗದ, ಫ್ಯಾನು. ಚಾಕೊಲೇಟಿನ ಕಾಗದ, ಫ್ಯಾನು.

ನಾನು ಹೇಳದೆ ಹೋದಾಗ ಅವರೇ ಹೇಳುತ್ತಿದ್ದರು. ಮೊದಲು ಹೇಳಿದವನು ಶಂಕರಪ್ಪ ಮಾವ, ಅವ್ವನ ತಮ್ಮ. ಎದುರಿನಿಂದ ಟ್ರ್ಯಾಕ್ಟರ್ ಬಂತು, ರಾಂಗ್ ಸೈಡಿಗೆ ನುಗ್ಗಿತು, ಮಂಜು ತಪ್ಪಿಸಲು ಹೋಗಿ ಬಿದ್ದ, ಡ್ರೈವರ್ ಓಡಿಹೋದ. ಮಾವ ಅಲ್ಲಿದ್ದವನಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದ. ಆದರೆ ಅವನು ಕೈ ಆಡಿಸಿ ಹೇಳುತ್ತಿದ್ದ ರೀತಿಗೆ ಟ್ರ್ಯಾಕ್ಟರ್ ಕಣ್ಣಿಗೆ ಕಟ್ಟುತ್ತಿತ್ತು. ಹದಿನೈದು ದಿನ ಅದನ್ನೇ ಕೇಳಿದ ಮೇಲೆ ಕಣ್ಣು ಮುಚ್ಚಿದರೆ ನನಗೂ ಕೆಂಪು ಟ್ರ್ಯಾಕ್ಟರೊಂದು ಎದುರಿಗೆ ನುಗ್ಗುವುದು ಕಾಣತೊಡಗಿತು. ಅದರ ಹೊಗೆಯ ಕೊಳವೆ ಕೂಡ ಕಂಡಿತು. ನೆನಪು ಬಂತು ಎಂದುಕೊಂಡೆ.

ಹೇಳಿಕೆ ಬರೆದುಕೊಳ್ಳಲು ಪೊಲೀಸರು ಮನೆಗೇ ಬಂದರು. ಮಂಚದ ಪಕ್ಕದ ಅದೇ ಕುರ್ಚಿ. ಮಾವ ಬಾಗಿಲಲ್ಲಿ ನಿಂತಿದ್ದ. ಅವರು ಕೇಳಿದರು, ನಾನು ಹೇಳಿದೆ. ನಾನು ತಡವರಿಸಿದಲ್ಲಿ ಮಾವ, "ರಾಂಗ್ ಸೈಡ್ ಅಂತ ಹೇಳಿದ್ಯಲ್ಲ ನಮ್ಮ ಹತ್ರ" ಎಂದ. ಹೌದು ಎಂದೆ. ಸಹಿ ಹಾಕುವಾಗ ಒಂದು ಕ್ಷಣ ಪೆನ್ನು ನಿಂತಿತು. ಯಾಕೆ ನಿಂತಿತೆಂದು ನನಗೇ ಗೊತ್ತಿರಲಿಲ್ಲ. ಹಾಕಿದೆ.

ಅಣ್ಣ ಮನೆಗೆ ಬಂದ ಮೇಲೆ ಮನೆ ಇನ್ನೂ ಇಕ್ಕಟ್ಟಾಯಿತು. ಅವನು ಬೆಳಗಿನಿಂದ ಸಂಜೆವರೆಗೆ ಎದುರಿನ ಗೋಡೆಗೆ ಒರಗಿ ಕೂತು ಎಡಗೈಯಲ್ಲಿ ಹಳೆಯ ಪೇಪರು ಕತ್ತರಿಸುತ್ತಿದ್ದ. ಕತ್ತರಿ ಬಲಗೈಯವರದು, ಎಡಗೈಗೆ ಕೂರುತ್ತಿರಲಿಲ್ಲ. ಕಾಗದ ಹರಿಯುತ್ತಿತ್ತು. ಹರಿದಾಗಲೆಲ್ಲ ಆ ಡ್ರೈವರನನ್ನು ಬೈಯುತ್ತಿದ್ದ. ಬಂದಳಿಕೆ ಕಡೆಯವನು, ಸಿದ್ದೇಶ ಎಂದು ಹೆಸರು; ಬೇರೆಯವರ ಟ್ರ್ಯಾಕ್ಟರಿಗೆ ಸಂಬಳಕ್ಕಿದ್ದವನು. ಅಣ್ಣ ಅವನ ಮುಖ ಕೂಡ ನೋಡಿರಲಿಲ್ಲ, ಅಥವಾ ನೋಡಿದ್ದು ನೆನಪಿರಲಿಲ್ಲ.

"ನೀ ನೋಡಿದ್ಯಲ್ಲ ಅವನ್ನ. ಹೆಂಗಿದ್ದ? ಕುಡಿದಿದ್ನಾ?" ಎಂದು ನನ್ನನ್ನು ಕೇಳುತ್ತಿದ್ದ.

"ಗೊತ್ತಿಲ್ಲ ಅಣ್ಣ."

"ಟ್ರ್ಯಾಕ್ಟರ್ ನೆನಪೈತೆ, ಅವನು ನೆನಪಿಲ್ವಾ?"

ಆ ಪ್ರಶ್ನೆ ಸರಿಯಾಗಿತ್ತು. ನನ್ನ ಟ್ರ್ಯಾಕ್ಟರಿನ ಮೇಲೆ ಯಾರೂ ಕೂತಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಸಿದ್ದೇಶನ ಹೆಂಡತಿ ಬಂದಳು. ಅವಳು ಅಂಗಳದಲ್ಲೇ ನಿಂತಳು; ನನಗೆ ದನಿ ಮಾತ್ರ ಕೇಳಿತು. "ಯಮ್ಮಾ, ನಾನು ರೇಣುಕ ಅಂತ. ಆ ಡ್ರೈವರ್ ಸಿದ್ದೇಶನ ಹೆಣ್ತಿ. ಅಕ್ಕಾರು ಒಂದ್ಸಲ ಖರೇ ಏನಾತು ಅಂತ ಹೇಳಿದ್ರೆ ಸಾಕ್ರೀ. ಲೈಸೆನ್ಸ್ ಕಿತ್ಕೊಂಡಾರ. ಕೆಲ್ಸದಿಂದ ಬಿಡ್ಸ್ಯಾರ. ನಮ್ಮನೆಯೋರು ನಿಲ್ಸಿದ್ದೆ ನಿಲ್ಸಿದ್ದೆ ಅಂತ ಒಂದೇ ಸಮ ಅಂತಾರ್ರೀ."

"ನಿನ್ನ ಗಂಡ ನನ್ ಮಗನ ಕೈ ತೆಗ್ದ. ಅವನ ಕೈ ತಂದು ಕೊಡು, ಆಮೇಲೆ ಮಾತಾಡು" ಎಂದಳು ಅವ್ವ. ಅವ್ವ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ರೇಣುಕ ಹೊರಟುಹೋದಳು. ಅವಳು ಕಟ್ಟೆಯ ಮೇಲೆ ಇಟ್ಟುಹೋದ ಬಾಳೆಹಣ್ಣನ್ನು ಅವ್ವ ಯಾರೂ ಮುಟ್ಟಲು ಬಿಡಲಿಲ್ಲ. ಅದು ಅಲ್ಲೇ ಕಪ್ಪಾಯಿತು.

ನಾನು ಮುಖ ಮುಚ್ಚಿಕೊಳ್ಳಲು ಪುಸ್ತಕ ಹಿಡಿಯುತ್ತಿದ್ದೆ. ಪರೀಕ್ಷೆಗಿದ್ದ ಮನೋವಿಜ್ಞಾನದ ಪುಸ್ತಕ. ಅದರಲ್ಲಿ ಮರೆವಿನ ಬಗ್ಗೆ ಒಂದು ಪಾಠವಿತ್ತು. ಕಲಿತದ್ದು ಅಳಿದುಹೋಗಿರುವುದಿಲ್ಲ, ಸಿಗದೆ ಇರುತ್ತದೆ ಅಷ್ಟೇ. ಕಲಿತ ಜಾಗಕ್ಕೆ ಮರಳಿದರೆ, ಆಗಿನ ಮನಃಸ್ಥಿತಿಯೇ ಮತ್ತೆ ಬಂದರೆ, ಸಿಕ್ಕರೂ ಸಿಗಬಹುದು ಎಂದಿತ್ತು. ಹಿಂದಿನ ವರ್ಷ ಎರಡಂಕದ ಪ್ರಶ್ನೆಗೆಂದು ಅದಕ್ಕೆ ಕೆಂಪು ಗೆರೆ ಎಳೆದಿದ್ದೆ. ಮಂಚದ ಮೇಲೆ ಅದನ್ನು ಎಷ್ಟೋ ಸಲ ಓದಿದೆ. ಅದು ನನ್ನ ಬಗ್ಗೆಯೇ ಬರೆದದ್ದು ಎಂದು ಒಮ್ಮೆಯೂ ಹೊಳೆಯಲಿಲ್ಲ.

ಪ್ಲಾಸ್ಟರು ಬಿಚ್ಚಿದ್ದು ಡಿಸೆಂಬರಿನ ಕೊನೆಗೆ. ಆಗ ಕಾರು ಮಾಡಿಕೊಂಡು ಬೇರೆ ದಾರಿಯಲ್ಲಿ ಹೋಗಿ ಬಂದಿದ್ದೆವು. ಮೂರು ವಾರ ಬಿಟ್ಟು ಕಾಲು ತೋರಿಸಲು ಮತ್ತೆ ಶಿಕಾರಿಪುರಕ್ಕೆ ಹೋಗಬೇಕಿತ್ತು. ಆ ದಿನ ಮಾವ ತನ್ನ ಬೈಕು ತಂದ. ನಾನು ಬಸ್ಸಿನಲ್ಲಿ ಬರುತ್ತೇನೆ ಎಂದೆ. "ಎಷ್ಟು ದಿನ ಹೆದರ್ತಿ? ನಿಧಾನ ಹೋಗನ ಬಾ" ಎಂದ. ಹತ್ತಿದೆ. ಎಕ್ಸ್‌ರೇ ಇಟ್ಟಿದ್ದ ದೊಡ್ಡ ಲಕೋಟೆಯನ್ನು ಅವನ ಬೆನ್ನಿಗೂ ನನ್ನ ಎದೆಗೂ ನಡುವೆ ಇಟ್ಟುಕೊಂಡೆ.

ಶಿರಾಳಕೊಪ್ಪ ದಾಟುವವರೆಗೆ ಏನೂ ಆಗಲಿಲ್ಲ. ಆಮೇಲೆ ರಸ್ತೆಯ ಬದಿಯಲ್ಲಿ ಗೋವಿನಜೋಳ ಕಾಣಿಸಿತು. ಆ ವರ್ಷ ಬಿತ್ತನೆ ತಡವಾಗಿದ್ದರಿಂದ ಕೆಲವರದು ಇನ್ನೂ ಒಣಗುತ್ತಿತ್ತು. ಅದರ ವಾಸನೆ ಬಂದದ್ದೇ ಎದೆ ಢವಗುಟ್ಟತೊಡಗಿತು. ಮಾವನ ಅಂಗಿ ಹಿಡಿದುಕೊಂಡೆ. ತಾಳಗುಂದ ಕ್ರಾಸ್ ಹತ್ತಿರ ಎದುರಿನಿಂದ ಲಾರಿ ಬಂತು. ಮಾವ ಬೈಕನ್ನು ಬದಿಗೆ ತಂದ. ಮುಂದಿನ ಚಕ್ರ ಕಾಳಿನ ಅಂಚಿಗೆ ಹತ್ತಿ ಒಂದು ಗೇಣಿನಷ್ಟು ಜಾರಿತು, ಅಷ್ಟೇ. ನಾನು ಕಿರುಚಿದೆ.

"ತಿರುಗಬ್ಯಾಡ! ಅಣ್ಣಾ, ಹಿಂದೆ ತಿರುಗಬ್ಯಾಡ!"

ಮಾವ ಬೈಕು ನಿಲ್ಲಿಸಿದ. "ಯಾರು ತಿರುಗಿದ್ರು? ನಾನು ಮುಂದೇ ನೋಡ್ತಿದ್ನಲ್ಲೇ!" ಎಂದ. ನಾನು ಇಳಿದು ರಸ್ತೆಯ ಬದಿ ಕೂತುಬಿಟ್ಟೆ. ನಾನು ಕೂಗಿದ್ದು ನನಗೇ ಕೇಳಿಸಿತ್ತು. ಯಾಕೆ ಹಾಗೆ ಕೂಗಿದೆ ಎನ್ನುವುದು ಅದರ ಹಿಂದಿನಿಂದ ಬಂತು, ಒಂದೊಂದಾಗಿ.

ನೀಲಿ ವೇಲು. ಗಾಳಿಗೆ ಬಿಚ್ಚಿಕೊಂಡು ಅದರ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿತ್ತು. ಕುತ್ತಿಗೆಗೆ ಉರುಳು ಬಿಗಿದ ಹಾಗೆ ಎಳೆಯಿತು. ನಾನು ಅಣ್ಣನ ಬೆನ್ನಿಗೆ ಜೋರಾಗಿ ಬಡಿದು, "ಅಣ್ಣಾ, ವೇಲು!" ಎಂದು ಕೂಗಿದೆ. ಅವನು ಪೂರ್ತಿ ಹಿಂದೆ ತಿರುಗಿ ನೋಡಿದ. ಅವನ ಗಾಬರಿಗೊಂಡ ಮುಖ ನನ್ನ ಮುಖದ ಹತ್ತಿರವೇ ಇತ್ತು. ಆ ಮುಖದಾಚೆ ರಸ್ತೆಯ ಮೇಲೆ ಹಳದಿ ಕಾಳು, ಕಾಳಿನ ಅಂಚಿಗಿಟ್ಟ ಕಲ್ಲುಗಳು, ದೂರಕ್ಕೆ ಒಂದು ಟ್ರ್ಯಾಕ್ಟರು. ಅದು ಚಲಿಸುತ್ತಿರಲಿಲ್ಲ. ಡ್ರೈವರ್ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದ. ಗಂಡಸರ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟ ಹೆಂಗಸೊಬ್ಬಳು ಕಾಳು ಹರವುವ ಹಲಗೆ ಕೈಬಿಟ್ಟು ನಮ್ಮ ಕಡೆ ಓಡಿಬರುತ್ತಿದ್ದಳು.

ಮಾವ ನೀರು ತರಲು ಹೋದಾಗ ಬ್ಯಾಗಿನಿಂದ ಪೆನ್ನು ತೆಗೆದು ಎಕ್ಸ್‌ರೇ ಲಕೋಟೆಯ ಹಿಂದೆ ಎಲ್ಲವನ್ನೂ ಬರೆದೆ. ಬರೆಯದಿದ್ದರೆ ಮತ್ತೆ ಹೋಗಿಬಿಡುತ್ತದೆ ಎನ್ನಿಸಿತ್ತು. ಆದರೂ ನಂಬಿಕೆ ಬರಲಿಲ್ಲ. ಒಮ್ಮೆ ಕೆಂಪು ಟ್ರ್ಯಾಕ್ಟರನ್ನೂ ಹೀಗೆಯೇ ನಂಬಿದ್ದೆನಲ್ಲ. ಆದರೆ ಟ್ರ್ಯಾಕ್ಟರಿನ ಕಥೆ ಹತ್ತು ಜನ ಹೇಳಿದ್ದರು. ಅಂಗಿ ತೊಟ್ಟ ಹೆಂಗಸಿನ ಬಗ್ಗೆ ಯಾರೂ ಹೇಳಿರಲಿಲ್ಲ.

ಅವಳು ದೂರ ಇರಲಿಲ್ಲ. ಮಾವನ ಹಿಂದೆ ನೀರಿನ ಚೊಂಬು ಹಿಡಿದು ಬಂದವಳೇ ಅವಳು. ಅದೇ ಅಂಗಿ. ಗಂಗಮ್ಮ ಎಂದು ಹೆಸರು, ಐವತ್ತರ ಮೇಲಿನ ವಯಸ್ಸು. ನನ್ನ ಮುಖ ನೋಡಿ ಚೊಂಬು ಹಿಡಿದ ಹಾಗೇ ನಿಂತಳು.

"ಅವತ್ತು ಬಿದ್ದ ಹುಡುಗಿ ಅಲ್ಲೇನು ನೀನು?"

"ಹೌದಮ್ಮ. ಅವತ್ತು ನಾನೇನು ಮಾಡ್ದೆ? ನೀವು ನೋಡಿದ್ರಾ?"

ಅವಳು ಮಾವನ ಕಡೆ ನೋಡಿದಳು, ರಸ್ತೆಯ ಮೇಲಿನ ಕಾಳಿನ ಕಡೆ ನೋಡಿದಳು. "ನೋಡೀನಿ. ನೀ ಆ ಹುಡುಗನ ಬೆನ್ನಿಗೆ ದಬದಬ ಬಡದಿ. ಅಂವ ಹಿಂದಕ್ಕ ತಿರುಗಿದ. ಗಾಡಿ ಕಾಳಿನ ಮ್ಯಾಲೆ ಬಂದು ಜಾರಿ ಹೋಗಿ ಟ್ರ್ಯಾಕ್ಟರ್ ಗಾಲಿಗೆ ಬಡಿತು. ಟ್ರ್ಯಾಕ್ಟರ್ ನಿಂತಿತ್ತವ್ವ. ಅದರ ಡ್ರೈವರ್ರೇ ಆ ಹುಡುಗನ್ನ ಎತ್ತಿ ದಾರ್ಯಾಗ ಬಂದ ಗೂಡ್ಸ್ ಗಾಡ್ಯಾಗ ಹಾಕ್ಕೊಂಡು ಹೋದ. ನಿನಗ ಆಮ್ಯಾಲೆ ಆಂಬುಲೆನ್ಸ್ ಬಂತು."

"ಓಡಿಹೋದ ಅಂದ್ರಲ್ಲ?" ಎಂದ ಮಾವ. ದನಿ ಇಳಿದಿತ್ತು.

"ದವಾಖಾನಿಗೆ ಮುಟ್ಟಿಸಿ, ಹೊಡಿತಾರ ಅಂತ ಹೆದರಿ ಹೋಗಿರಬೇಕು. ನಾನೂ ಹೆದರಿದೆ. ಕಾಳು ನಂದು, ರಸ್ತೆ ಸರಕಾರದ್ದು. ಯಾರರೆ ಕೇಳಿದ್ರ ಹೇಳನ ಅಂತ ಇದ್ದೆ. ಯಾರೂ ಕೇಳಲಿಲ್ಲ. ಕೇಳದಿದ್ರ ಸಾಕು ಅಂತನೂ ಅನ್ಕೊಂಡೆ. ಸುಳ್ಳು ಯಾಕ ಹೇಳಲಿ."

ಆ ದಿನ ಆಸ್ಪತ್ರೆಗೆ ಹೋಗಲಿಲ್ಲ. ವಾಪಸ್ ಬರುವಾಗ ಮಾವ ಒಂದೇ ಮಾತು ಹೇಳಿದ: "ಅಕ್ಕಗೆ ನೀನೇ ಹೇಳು. ನನ್ನಿಂದ ಆಗಲ್ಲ."

ಮನೆಗೆ ಬಂದು ಮಂಚದ ಮೇಲೆ ಕೂತೆ. ಸುಣ್ಣ ಉದುರಿದ ಅದೇ ಗೋಡೆ ಕಣ್ಣಿಗೆ ಬಿತ್ತು. ಆಗ ನಡೆದದ್ದನ್ನು ನೆನೆದರೆ ಇಂದಿಗೂ ಹೆದರಿಕೆಯಾಗುತ್ತದೆ. ಕಣ್ಣು ಮುಚ್ಚಿದರೆ ಮತ್ತೆ ಕೆಂಪು ಟ್ರ್ಯಾಕ್ಟರೇ ನುಗ್ಗಿಬಂತು. ಅಣ್ಣನ ತಿರುಗಿದ ಮುಖ ಸಿಗಲಿಲ್ಲ. ಆ ಮಂಚದ ಮೇಲೆ ನಾನು ಆರು ವಾರ ಉರು ಹೊಡೆದದ್ದು ಮಾವನ ಕಥೆಯನ್ನು. ಅಲ್ಲಿ ಕೂತರೆ ಅದೇ ಬರುತ್ತಿತ್ತು. ಲಕೋಟೆ ತಿರುಗಿಸಿ ನನ್ನದೇ ಅಕ್ಷರ ಓದಿದೆ. ಬೇರೆ ಯಾರೋ ಬರೆದಂತಿತ್ತು. ನಾಲ್ಕು ದಿನ ಹಾಗೇ ಕಳೆದವು. ಹೇಳಿದರೆ ಅಣ್ಣನ ಕೈ ಹೋದದ್ದು ನನ್ನಿಂದ. ಹೇಳದಿದ್ದರೆ ಗೊತ್ತಿದ್ದೂ ಒಬ್ಬನ ಬದುಕು ಹಾಳು ಮಾಡಿದವಳು ನಾನು. ಯಾವ ಕಡೆ ಹೊರಳಿದರೂ ಪ್ಲಾಸ್ಟರು ಇನ್ನೂ ಕಾಲಿಗೇ ಇದ್ದಂತೆ.

ಐದನೆಯ ದಿನ ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಾಗಲೇ ನಿಂತದ್ದು.

"ಯಾರಿಗಾದ್ರೂ ಹೇಳಿಯೇನು?"

"ಮಾವನಿಗೆ ಗೊತ್ತು."

"ಅವನು ಹೇಳಲ್ಲ. ನೀನೂ ಹೇಳ್ಬ್ಯಾಡ. ನೆನಪಿಲ್ಲ ಅಂದ್ರೆ ಆತು. ಇಷ್ಟು ದಿನ ಇರ್ಲಿಲ್ಲ, ಇನ್ನೂ ಇಲ್ಲ ಅಂದ್ಕೋ." ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು, ಕೆನ್ನೆಗೆ ಹಿಟ್ಟು ಮೆತ್ತಿಕೊಂಡಿತು. "ನಿಮ್ಮಣ್ಣ ಒಂದು ಸಿಟ್ಟಿನ ಮೇಲೆ ಎದ್ದು ಕೂತಾನ, ಸವಿ. ಅದನ್ನೂ ಕಿತ್ಕೊಂಡ್ರೆ ಅವನಿಗೇನು ಉಳಿತೈತೆ? ನಿನ್ನ ಮ್ಯಾಲೆ ತಿರುಗಿದ್ರೆ ನಾ ಯಾರ ಕಡೆ ನಿಲ್ಲಲಿ?"

ಎರಡು ತಿಂಗಳು ನೆನಪು ಮಾಡ್ಕೋ ಎಂದವಳೇ ಮರೆತುಬಿಡು ಎನ್ನುತ್ತಿದ್ದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಮಾತು ಕೇಳುವುದು ಎಷ್ಟು ಸುಲಭ ಎಂದು ಹೆದರಿಕೆಯಾಯಿತು. ಅದಾಗಲೇ ಮರೆತುಹೋಗುತ್ತಿತ್ತು. ಇನ್ನೊಂದು ವಾರ ಸುಮ್ಮನಿದ್ದರೆ ಲಕೋಟೆಯ ಮೇಲಿನ ಅಕ್ಷರ ಬಿಟ್ಟು ಏನೂ ಉಳಿಯುತ್ತಿರಲಿಲ್ಲ.

ಮರುದಿನ ಅಣ್ಣ ಮೊದಲ ಸಲ ಅಂಗಡಿ ತೆರೆದ. ಹೊಲಿಯಲು ಅಲ್ಲ, ಧೂಳು ಹೊಡೆಯಲು. ನಾನು ಕೋಲೂರಿಕೊಂಡು ಅಲ್ಲಿಗೆ ಹೋದೆ. ಲಕೋಟೆಯನ್ನು ಮಿಷನ್ನಿನ ಮೇಲಿಟ್ಟು ಓದು ಎಂದೆ. ಅವನು ನಿಂತೇ ಓದಿದ. ಎರಡನೆಯ ಸಲ ಕೂತು ಓದಿದ.

"ಇದು ಯಾವಾಗ ನೆನಪಾತು?"

ಹೇಳಿದೆ. ಗಂಗಮ್ಮ ಹೇಳಿದ್ದನ್ನೂ ಹೇಳಿದೆ. ಅವನು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡ.

"ವೇಲು ಬಿಗಿಯಾಗಿ ಕಟ್ಕೊಳಕ್ಕೆ ಏನಾಗಿತ್ತು ನಿಂಗೆ?"

ಅಷ್ಟೇ ಅಂದದ್ದು. ಆಮೇಲೆ ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನಿದ್ದ ಕೋಣೆಗೆ ಬರುತ್ತಿರಲಿಲ್ಲ. ಊಟಕ್ಕೆ ನಾನೆದ್ದ ಮೇಲೆ ಕೂರುತ್ತಿದ್ದ. ಡ್ರೈವರನನ್ನು ಬೈಯುವುದು ನಿಂತಿತು. ಬೈಗುಳವಿಲ್ಲದ ಆ ಮನೆಯಲ್ಲಿ ಉಸಿರಾಡುವುದು ಮೊದಲಿಗಿಂತ ಕಷ್ಟವಾಯಿತು. ಅವ್ವ ನಮ್ಮಿಬ್ಬರ ನಡುವೆ ತಟ್ಟೆ ಲೋಟ ಸಾಗಿಸುತ್ತ ಓಡಾಡಿದಳು. ಹತ್ತನೆಯ ಬೆಳಿಗ್ಗೆ ನಾನು ಶಿರಾಳಕೊಪ್ಪದ ಠಾಣೆಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಅಣ್ಣ ಅಂಗಿ ಹಾಕಿಕೊಂಡು ಬಂದ. ಗುಂಡಿಯೆಲ್ಲ ಮೇಲೆ ಕೆಳಗೆ ಆಗಿತ್ತು. "ನಡಿ" ಎಂದ. ಅವ್ವ ಅವನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ನನ್ನ ಮೊದಲ ಹೇಳಿಕೆ ತೆಗೆದು ಮುಂದಿಟ್ಟರು. "ಇದು ನಿಮ್ಮ ಸಹಿ ತಾನೆ? ಅವತ್ತೊಂದು, ಇವತ್ತೊಂದು. ಯಾವುದನ್ನ ನಂಬಲಿ? ಆ ಕಡೆಯವರು ಬಂದು ಹೋದ್ರಾ ಮನೆಗೆ?"

"ಬಂದಿದ್ರು ಸರ್. ನಮ್ಮವ್ವ ಬೈದು ಕಳಿಸಿದ್ರು. ಅವತ್ತು ನಂಗೆ ಏನೂ ನೆನಪಿರ್ಲಿಲ್ಲ. ಮನೇಲಿ ಎಲ್ಲಾ ಹೇಳಿದ್ದನ್ನೇ ನೆನಪು ಅನ್ಕೊಂಡೆ."

"ಈಗಿನದು ಹಂಗಲ್ಲ ಅಂತ ಹೆಂಗೆ ಹೇಳ್ತೀರಿ?"

ಆ ಕೋಣೆಯಲ್ಲಿ, ಆ ಮೇಜಿನ ಮುಂದೆ, ನನಗೆ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ. ಗಂಗಮ್ಮನ ಹೆಸರು ಹೇಳಿದೆ. ಅವಳನ್ನೂ ಕರೆಸುತ್ತೇವೆ ಎಂದರು, ನಂಬಿದಂತೆ ಕಾಣಲಿಲ್ಲ. ಆಗ ಅಣ್ಣ ಕೇಳಿದ: "ನನ್ನ ಬೈಕು ಎಲ್ಲೈತ್ರಿ ಸರ್?"

ಅದು ಠಾಣೆಯ ಹಿಂದೆ, ಬೇಲಿಯ ಪಕ್ಕ, ಇನ್ನೂ ಹತ್ತು ಮುರುಕು ಗಾಡಿಗಳ ನಡುವೆ ನಿಂತಿತ್ತು. ಒಬ್ಬ ಕಾನ್‌ಸ್ಟೇಬಲ್ ಜೊತೆಗೆ ಬಂದರು. ಅಣ್ಣ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಗಳ ನಡುವೆ ಎಡಗೈ ತೂರಿಸಿದ. ಗ್ರೀಸಿನಿಂದ ಕಪ್ಪಾದ ಏನೋ ಒಂದು ಚಕ್ರದ ನಡುಭಾಗಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅವನು ಅದರ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ನೀಲಿ ಬಣ್ಣ ಕಂಡಿತು. ಇನ್ನೂ ಉಜ್ಜಿ ಅಂಚು ಹುಡುಕಿದ.

"ಈ ಅಂಚಿನ ಪಿಕೋ ಹೊಲಿಗೆ ನಾನೇ ಹಾಕಿದ್ದು ಸರ್" ಎಂದ. "ನೀಲಿ ದಾರ ಮುಗಿದಿತ್ತು, ಕೊನೇಲಿ ಬಿಳಿ ದಾರದಾಗೆ ಮುಗಿಸಿದ್ದೆ. ಇಲ್ಲಿ ನೋಡ್ರಿ."

ಮೂರು ತಿಂಗಳಿಂದ ಅದು ಅಲ್ಲೇ ಇತ್ತು. ಯಾರೂ ನೋಡಿರಲಿಲ್ಲ. ಇನ್‌ಸ್ಪೆಕ್ಟರ್ ಬಂದು ಬಗ್ಗಿ ನೋಡಿದರು, ಫೋಟೋ ತೆಗೆಸಿದರು, ಕುರ್ಚಿ ಕೊಡಿಸಿ ನನ್ನ ಹೇಳಿಕೆಯನ್ನು ಮೊದಲಿನಿಂದ ಬರೆದುಕೊಂಡರು. ಅದೇ ವಾರ ಗಂಗಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಹೇಳಿಕೆ ಕೊಟ್ಟಳಂತೆ. ಮುಂದೆ ಸಿದ್ದೇಶನ ಮೇಲಿನ ಕೇಸು ಬಿದ್ದುಹೋಯಿತು. ನಾನು ಆ ವರ್ಷದ ಪರೀಕ್ಷೆ ಬರೆಯಲಿಲ್ಲ, ಮರುವರ್ಷ ಬರೆದೆ. ಅಣ್ಣ ಎಡಗೈಯವರ ಕತ್ತರಿ ತರಿಸಿಕೊಂಡ. ಮದುವೆ ಬಟ್ಟೆ ಈಗ ಅವನು ಒಪ್ಪಿಕೊಳ್ಳುವುದಿಲ್ಲ. ಶಾಲೆಯ ಯೂನಿಫಾರಂ ಹೊಲಿಯುತ್ತಾನೆ. ನನ್ನ ಮೇಲಿನ ಅವನ ಸಿಟ್ಟು ಪೂರ್ತಿ ಹೋಗಿದೆ ಎಂದು ನಾನು ಹೇಳಲಾರೆ. ಕೆಲವು ದಿನ ಅದು ಅವನ ಮುಖದಲ್ಲಿ ಬಂದು ಕೂರುವುದು ನನಗೆ ಕಾಣುತ್ತದೆ.

ಆದರೆ ಆ ವರ್ಷ ಎಂದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಠಾಣೆಯ ಆ ದಿನದ ಮೇಲೆ, ನಾವು ಹೊರಬಂದ ಮೇಲೆ ನಡೆದದ್ದರ ಮೇಲೆ. ಗೇಟಿನ ಹೊರಗಿನ ಕಟ್ಟೆಯ ಹತ್ತಿರ ಒಬ್ಬ ಸಣಕಲು ಮನುಷ್ಯ ನಿಂತಿದ್ದ. ಜಾಮೀನಿನ ಷರತ್ತಿನಂತೆ ವಾರಕ್ಕೊಮ್ಮೆ ಬಂದು ಸಹಿ ಹಾಕಬೇಕಿತ್ತಂತೆ, ಅದಕ್ಕೆ ಬಂದಿದ್ದ. ಅಣ್ಣನನ್ನು ಕಂಡು ಕಟ್ಟೆಯ ಆಚೆ ಸರಿದ. ಅವನ ಮುಖ ನನಗೆ ತಟ್ಟನೆ ಗುರುತು ಸಿಕ್ಕಿತು. ಎರಡೂ ಕೈ ಬೀಸುತ್ತ ನಿಂತಿದ್ದವನ ಮುಖ.

"ಅಣ್ಣ, ಇವ್ರೇ ಸಿದ್ದೇಶ" ಎಂದೆ.

ಅಣ್ಣ ನಿಂತ. ಸಿದ್ದೇಶ, "ಕೈ ಈಗ ಹೆಂಗೈತ್ರಿ?" ಎಂದ.

"ಇಷ್ಟೇ" ಎಂದು ಅಣ್ಣ ಕೈ ತೋರಿಸಿದ. ಬೆರಳುಗಳು ಅರ್ಧ ಮಡಚಿ ನಿಂತವು. "ನೀವು ನಿಲ್ಸಿದ್ರಿ ಅಂತ ಇವಳು ಬರೆದುಕೊಟ್ಳು. ನನಗೆ ಅವತ್ತಿಂದು ಏನೂ ಇಲ್ರೀ. ಒಂದು ಚೂರೂ ಇಲ್ಲ."

ಸಿದ್ದೇಶ ಅವನನ್ನೇ ನೋಡಿದ. "ಏನೂ ಇಲ್ಲೇನ್ರಿ? ನನ್ನ ಜೋಡಿ ಮಾತಾಡ್ತಿದ್ರಲ್ಲ!"

"ಯಾರು? ನಾನಾ?"

"ಹೂಂನ್ರಿ. ಗೂಡ್ಸ್ ಗಾಡ್ಯಾಗ ನಿಮ್ಮ ತಲಿ ನನ್ನ ತೊಡಿ ಮ್ಯಾಲಿತ್ತು. ದವಾಖಾನಿ ಮುಟ್ಟೋ ತನಕ ಒಂದೇ ಸಮ ಕೇಳಿದ್ರಿ, ನನ್ನ ತಂಗಿಗೆ ಉಸಿರು ಐತೇನು, ಕೊಳ್ಳಿಂದ ವೇಲು ಬಿಡಿಸಿದ್ರೇನು ಅಂತ. ಹೂಂ ಹೂಂ ಅಂದ್ರೂ ಮತ್ತ ಕೇಳೋರು. ವೇಲು ಅಂದದ್ದು ಏನಂತ ನಂಗ ಆಗ ತಿಳೀಲಿಲ್ಲ. ಟವೆಲ್ ಕೇಳ್ತಾರ ಅಂದ್ಕೊಂಡು ನನ್ನ ಟವೆಲ್ ಕೊಟ್ಟೆ. ಅದನ್ನ ಮುಷ್ಟ್ಯಾಗ ಹಿಡ್ಕೊಂಡು ಬಿಡಲೇ ಇಲ್ಲ."

ಅಣ್ಣ ನನ್ನ ಕಡೆ ನೋಡಲಿಲ್ಲ. ಕಟ್ಟೆಯ ಮೇಲಿನ ಧೂಳನ್ನು ಎಡಗೈಯಿಂದ ಒರೆಸಿ ಕೂತ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಒರೆಸಿ, "ಕೂತ್ಕೊಳ್ರಿ" ಎಂದ.

"ಮೊದಲಿಂದ ಹೇಳ್ರಿ. ಗಾಡಿಗೆ ಹತ್ತಿಸಿದ್ದು ಯಾರು? ಇನ್ನೇನೇನು ಅಂದೆ ನಾನು?"

ಸಿದ್ದೇಶ ಕೂತು ಹೇಳತೊಡಗಿದ. ಆನವಟ್ಟಿಯ ಬಸ್ಸು ಬಂತು, ಹೋಯಿತು. ನಾನು ಅವರನ್ನು ಕರೆಯಲಿಲ್ಲ.